ಜಾಕ್‌ಪಾಟ್ ಮೊತ್ತ ನೋಡಿ ಕೂರಬೇಡಿ, ಪೇ ಟೇಬಲ್ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲಾಸ್ ವೇಗಸ್ ಪ್ರವಾಸದ ಲೇಖನ ಓದಿದೆ. ದೀಪ, ಕಾರಂಜಿ, ಬಫೆ ಊಟ ಎಲ್ಲ ಚೆನ್ನಾಗಿ ಬಂದಿದೆ. ಆದರೆ ಕೊನೆಯ ಪ್ಯಾರಾದಲ್ಲಿ ಒಂದು ಸಲಹೆ ಇತ್ತು ನೋಡಿ, ಅದಕ್ಕೇ ಈ ಪತ್ರ. ವಿಡಿಯೋ ಪೋಕರ್ ಎಂದರೆ ಪರದೆಯ ಮೇಲೆ ಐದು ಇಸ್ಪೀಟು ಎಲೆ ಹಂಚಿಸಿಕೊಂಡು, ಬೇಡದ್ದನ್ನು ಒಮ್ಮೆ ಬದಲಿಸಿ, ಕೊನೆಗೆ ಕೈಗೆ ಬಂದ ಎಲೆಗಳ ಮೇಲೆ ದುಡ್ಡು ಗೆಲ್ಲುವ ಆಟ. ವಿಡಿಯೋ ಪೋಕರ್ ಮೆಷಿನ್‌ಗಳ ತಲೆಯ ಮೇಲೆ ಓಡುವ ಜಾಕ್‌ಪಾಟ್ ಮೊತ್ತ ತುಂಬಾ ಏರಿದ್ದರೆ ಅದು ಇನ್ನೇನು ಬೀಳುತ್ತದೆ ಎಂದರ್ಥವಂತೆ, ಅಂಥ ಮೆಷಿನ್ ಕಂಡರೆ ಕೂತು ಒಂದು ಕೈ ನೋಡಬೇಕಂತೆ. ಇದು ಶುದ್ಧ ತಪ್ಪು. ಸಣ್ಣ ತಪ್ಪೂ ಅಲ್ಲ, ಓದಿದವರ ಜೇಬಿಗೆ ಕತ್ತರಿ ಹಾಕುವಂಥದ್ದು.

ನಾನು ನೆವಾಡಾದಲ್ಲೇ ಇರುವವನು, ಊರು ಸಾಗರದ ಕಡೆ. ಬೇಸಿಗೆ ಬಂತೆಂದರೆ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರು, ರಜೆಗೆ ನಾಲ್ಕೈದು ಜನ ಸೇರಿ ಕಾರಿನಲ್ಲಿ ಬರುವ ನಮ್ಮ ಓದುವ ಹುಡುಗರು, ಎಲ್ಲರೂ ಇಲ್ಲಿಗೆ ಒಂದು ಸುತ್ತು ಬಂದೇ ಬರುತ್ತಾರೆ. ಇಸ್ಪೀಟು ಗೊತ್ತಿರುವ ಕಾರಣಕ್ಕೆ ಇವರಿಗೆ ವಿಡಿಯೋ ಪೋಕರ್ ಮೇಲೆ ಒಂದು ಥರ ನಂಬಿಕೆ. ಆ ನಂಬಿಕೆಯಲ್ಲಿ ಅರ್ಧ ಸರಿಯೂ ಇದೆ, ಅದನ್ನು ಒಪ್ಪುತ್ತೇನೆ.

ಯಾಕೆ ಅಂದರೆ ಸಾಮಾನ್ಯ ಸ್ಲಾಟ್ ಮೆಷಿನ್‌ನಲ್ಲಿ ಚಕ್ರದೊಳಗೆ ಯಾವ ಚಿತ್ರ ಎಷ್ಟು ಸಲ ಬರುತ್ತದೆ ಎಂದು ಆಡುವವರಿಗೆ ತಿಳಿಯುವುದೇ ಇಲ್ಲ. 2003ರಲ್ಲಿ ಇಲ್ಲಿನ ಎಕ್ಸ್‌ಕ್ಯಾಲಿಬರ್ ಕ್ಯಾಸಿನೊದಲ್ಲಿ 25 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರಿಗೆ ಮೆಗಾಬಕ್ಸ್ ಸ್ಲಾಟ್‌ನಲ್ಲಿ 3.97 ಕೋಟಿ ಡಾಲರ್ ಬಂತು. ಆ ದಿನ ಆ ಮೊತ್ತಕ್ಕೆ ಆಡುವುದು ಲಾಭವೋ ನಷ್ಟವೋ ಎಂದು ಮೆಷಿನ್ ಮುಂದೆ ನಿಂತು ಲೆಕ್ಕ ಹಾಕಲು ಯಾರಿಗೂ ಸಾಧ್ಯವಿರಲಿಲ್ಲ. ವಿಡಿಯೋ ಪೋಕರ್ ಹಾಗಲ್ಲ. ಪರದೆಯ ಮೇಲೆ ಇಸ್ಪೀಟು ಎಲೆ ತೋರಿಸಿದರೆ ಅದು ನಿಜವಾದ 52 ಎಲೆಯ ಕಟ್ಟಿನ ಹಾಗೇ ನಡೆದುಕೊಳ್ಳಬೇಕು ಎಂಬ ನಿಯಮ ನೆವಾಡಾದಲ್ಲಿದೆ. ಯಾವ ಕೈಗೆ, ಅಂದರೆ ಯಾವ ಐದೆಲೆಯ ಜೋಡಣೆಗೆ, ಎಷ್ಟು ಕೊಡುತ್ತಾರೆ ಎಂಬ ಪಟ್ಟಿ ಪರದೆಯ ಮೇಲೆಯೇ ಇರುತ್ತದೆ, ಅದೇ ಪೇ ಟೇಬಲ್. ಎರಡೂ ಗೊತ್ತಿದ್ದ ಮೇಲೆ ಉಳಿದದ್ದು ಬರೀ ಗುಣಾಕಾರ.

ಈಗ ಆ ಸಲಹೆಗೆ ಬರೋಣ. ಜಾಕ್‌ಪಾಟ್ ಮೊತ್ತ ತೋರಿಸುವ ಆ ಮೀಟರ್ ಏರುವುದು ಹೇಗೆ? ಒಂದಿಷ್ಟು ಮೆಷಿನ್‌ಗಳನ್ನು ಒಂದೇ ಮೀಟರ್‌ಗೆ ಜೋಡಿಸಿರುತ್ತಾರೆ. ಅಲ್ಲಿ ಯಾರು ಹಣ ಹಾಕಿದರೂ ಅದರ ಒಂದು ಸಣ್ಣ ಪಾಲು ಮೀಟರ್‌ಗೆ ಸೇರುತ್ತದೆ. ಯಾರಿಗಾದರೂ ರಾಯಲ್ ಫ್ಲಶ್ ಬಂದರೆ, ಅಂದರೆ ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಒಟ್ಟಿಗೆ ಬಂದರೆ, ಅವರಿಗೆ ಆ ಮೊತ್ತ. ಮೀಟರ್ ಮತ್ತೆ ಮೊದಲಿಗೆ ಬರುತ್ತದೆ. ಎಲೆ ಹಂಚುವ ಪ್ರೋಗ್ರಾಂಗೆ ಮೀಟರ್ ಎಷ್ಟಿದೆ ಎಂಬುದೇ ಬೇಕಾಗಿಲ್ಲ. ಪ್ರತಿ ಸಲವೂ ಹೊಸ ಕಟ್ಟು, ಹೊಸ ಕಲೆಸು. ಮೀಟರ್ ಏರಿದೆ ಎಂದರೆ ಇಷ್ಟು ದಿನ ಯಾರಿಗೂ ಬಂದಿಲ್ಲ ಎಂದು ಮಾತ್ರ ಅರ್ಥ, ನಿಮಗೆ ಬರುತ್ತದೆ ಎಂದಲ್ಲ. (ಇಂತಿಷ್ಟು ಮೊತ್ತದೊಳಗೆ ಬೀಳಲೇಬೇಕು ಎಂದು ಮೇಲೇ ಬರೆದಿರುವ ಬೇರೆ ಜಾತಿಯ ಜಾಕ್‌ಪಾಟ್‌ಗಳೂ ಇವೆ. ನಿಮ್ಮ ಲೇಖಕರು ಅದನ್ನು ಇದಕ್ಕೆ ಅಂಟಿಸಿಕೊಂಡಿರಬಹುದು. ರಾಯಲ್ ಫ್ಲಶ್ ಮೀಟರ್‌ಗೆ ಆ ನಿಯಮ ಇಲ್ಲ.)

ಹಾಗಾದರೆ ದೊಡ್ಡ ಮೊತ್ತಕ್ಕೆ ಬೆಲೆಯೇ ಇಲ್ಲವಾ? ಇದೆ. ಆದರೆ ಅದನ್ನು ಒಂಟಿಯಾಗಿ ನೋಡಿದರೆ ಏನೂ ತಿಳಿಯುವುದಿಲ್ಲ. ಮೊದಲು ನೋಡಬೇಕಾದ್ದು ಪೇ ಟೇಬಲ್‌ನ ಎರಡು ಅಂಕಿ: ಫುಲ್ ಹೌಸ್‌ಗೆ (ಒಂದೇ ಅಂಕಿಯ ಮೂರೆಲೆ, ಜೊತೆಗೆ ಇನ್ನೊಂದು ಅಂಕಿಯ ಜೋಡಿ) ಎಷ್ಟು, ಫ್ಲಶ್‌ಗೆ (ಐದೂ ಎಲೆ ಒಂದೇ ಜಾತಿ) ಎಷ್ಟು. ಎಲ್ಲ ಕಡೆ ಸಿಗುವ 'ಜ್ಯಾಕ್ಸ್ ಆರ್ ಬೆಟರ್' ಆಟವನ್ನೇ ತೆಗೆದುಕೊಳ್ಳಿ. ಗುಲಾಮರ ಜೋಡಿ ಅಥವಾ ಅದಕ್ಕಿಂತ ಮೇಲಿನ ಜೋಡಿ ಬಂದರೆ ಹಾಕಿದ ದುಡ್ಡು ವಾಪಸ್, ಅಲ್ಲಿಂದ ಮೇಲಕ್ಕೆ ಲಾಭ. ಒಂದು ಕಾಯಿನ್ ಲೆಕ್ಕದಲ್ಲಿ ಫುಲ್ ಹೌಸ್‌ಗೆ 9, ಫ್ಲಶ್‌ಗೆ 6 ಕೊಡುವ ಮೆಷಿನ್ ಇದ್ದರೆ ಅದು ಒಳ್ಳೆಯದು. ಪ್ರತಿ ಕೈಯನ್ನೂ ತಪ್ಪಿಲ್ಲದೆ ಆಡಿದರೆ ಅದು ಶೇ 99.54 ವಾಪಸ್ ಕೊಡುತ್ತದೆ. ಅದೇ 8 ಮತ್ತು 5 ಇದ್ದರೆ ಶೇ 97.30. 6 ಮತ್ತು 5 ಇದ್ದರೆ ಶೇ 95. ಉಳಿದ ಸಾಲುಗಳೆಲ್ಲ ಒಂದೇ ಥರ ಕಾಣುತ್ತವೆ, ಹಾಗಾಗಿ ದಾರಿಯಲ್ಲಿ ಹೋಗುವವರಿಗೆ ವ್ಯತ್ಯಾಸ ಹೊಳೆಯುವುದಿಲ್ಲ. ಫುಲ್ ಹೌಸ್ ಆಗಲಿ ಫ್ಲಶ್ ಆಗಲಿ ನೂರು ಆಟಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಸಲ ಬರುವಂಥವು. ಒಂದೊಂದರಲ್ಲಿ ಒಂದೊಂದು ಕಾಯಿನ್ ಕಡಿಮೆ ಮಾಡಿದರೆ ಸಾಕು, ನೂರಕ್ಕೆ ಎರಡು ಡಾಲರ್‌ಗೂ ಮೇಲೆ ಕ್ಯಾಸಿನೊ ಪಾಲಾಯಿತು. ಜಾಕ್‌ಪಾಟ್ ಮೀಟರ್ ತೂಗುಹಾಕಿದ ಮೆಷಿನ್‌ಗಳಲ್ಲಿ ಹೀಗೆ ಕತ್ತರಿ ಆಡಿಸಿರುವುದು ಬಹಳ ಮಾಮೂಲು. ಮೀಟರ್‌ಗೆ ಹಾಕುವ ದುಡ್ಡು ಎಲ್ಲಿಂದಾದರೂ ಬರಬೇಕಲ್ಲ!

ಈಗ ಲೆಕ್ಕ. 25 ಸೆಂಟ್ಸ್ ಮೆಷಿನ್ ಎಂದು ಇಟ್ಟುಕೊಳ್ಳಿ. ಐದು ಕಾಯಿನ್ ಹಾಕಿಯೇ ಆಡಬೇಕು, ಅಂದರೆ ಆಟಕ್ಕೆ 1.25 ಡಾಲರ್. ಒಂದೋ ಎರಡೋ ಕಾಯಿನ್ ಹಾಕಿದವರಿಗೆ ರಾಯಲ್ ಬಂದರೂ ಮೀಟರ್‌ನಲ್ಲಿರುವುದು ಸಿಗುವುದಿಲ್ಲ, ಒಂದು ಕಾಯಿನ್‌ಗೆ 250 ಕಾಯಿನ್‌ನಂತೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಐದು ಹಾಕಿದವರಿಗೆ ಮೀಟರ್ ಇಲ್ಲದ ಮೆಷಿನ್‌ನಲ್ಲೂ 1,000 ಡಾಲರ್. ರಾಯಲ್ ಬರುವುದು ಸರಾಸರಿ 40,000 ಆಟಕ್ಕೆ ಒಮ್ಮೆ. ಅಷ್ಟು ಆಡಲು ಒಟ್ಟು 50,000 ಡಾಲರ್ ಕೈ ಬದಲಾಗುತ್ತದೆ. ರಾಯಲ್ ಒಂದನ್ನು ಬದಿಗಿಟ್ಟು ಉಳಿದ ಗೆಲುವನ್ನೆಲ್ಲ ಕೂಡಿಸಿದರೆ 9/6 ಮೆಷಿನ್ (ಫುಲ್ ಹೌಸ್‌ಗೆ 9, ಫ್ಲಶ್‌ಗೆ 6 ಕೊಡುವುದು) ನೂರಕ್ಕೆ ಸುಮಾರು 2.44 ತಿನ್ನುತ್ತದೆ. 50,000ಕ್ಕೆ 1,220 ಡಾಲರ್ ಆಯಿತಲ್ಲ. ಅದು ಆ ಮೆಷಿನ್‌ನಲ್ಲಿ ಒಂದು ರಾಯಲ್ ಫ್ಲಶ್ಶಿನ ಖರೀದಿ ಬೆಲೆ ಎಂದು ನಾನು ಕರೆಯುತ್ತೇನೆ. ಮೀಟರ್ 1,220 ದಾಟಿದ್ದರೆ ಲೆಕ್ಕ ನಿಮ್ಮ ಕಡೆಗೆ, ದಾಟದಿದ್ದರೆ ಕ್ಯಾಸಿನೊ ಕಡೆಗೆ.

ಇದನ್ನೇ 8/5ಕ್ಕೆ ಹಾಕಿ. ಅದು ರಾಯಲ್ ಬಿಟ್ಟರೆ ನೂರಕ್ಕೆ 4.7ರಷ್ಟು ತಿನ್ನುತ್ತದೆ. ಖರೀದಿ ಬೆಲೆ 2,350 ಡಾಲರ್ ಹತ್ತಿರ ಬರುತ್ತದೆ. ರಾಯಲ್‌ಗೆ ಹೆಚ್ಚು ಆಸೆಪಡುವ ಹಾಗೆ ಆಟದ ರೀತಿ ಬದಲಿಸಿದರೆ 2,170ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟೆ. 6/5 ಮೆಷಿನ್‌ನದಂತೂ ಕೇಳಲೇಬೇಡಿ, ಮಾಮೂಲು ರೀತಿಯಲ್ಲಿ ಆಡಿದರೆ 3,500ರ ಹತ್ತಿರ.

ಅಂದರೆ ಏನಾಯಿತು? ಒಂದು ಮೂಲೆಯಲ್ಲಿ 2,500 ಡಾಲರ್ ಮಿನುಗುತ್ತಿರುವ 6/5 ಮೆಷಿನ್, ಇನ್ನೊಂದು ಮೂಲೆಯಲ್ಲಿ ಬಡಪಾಯಿ ಥರ 1,300 ತೋರಿಸುವ 9/6 ಮೆಷಿನ್. ನಿಮ್ಮ ಲೇಖನ ಓದಿದವರು ಮೊದಲನೆಯದಕ್ಕೇ ಹೋಗುತ್ತಾರೆ. ಲೆಕ್ಕದ ಪ್ರಕಾರ ಅದು ನಷ್ಟದ ಆಟ, ಎರಡನೆಯದು ಕೂದಲೆಳೆಯಷ್ಟು ಲಾಭದ್ದು. ನಮ್ಮ ಕಡೆ ಅಡಿಕೆ ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಹಿಡಿಯುವವರು ಗೊನೆ ನೋಡಿ ಬಾಯಿ ಬಿಡುವುದಿಲ್ಲ, ಗೊನೆ ಕೊಯ್ಲಿನ ಕೂಲಿ, ಸುಲಿಯುವ ಖರ್ಚು, ಸಾಗಾಟ ಎಲ್ಲ ಕಳೆದು ಆಮೇಲೆ ಬೆಲೆ ಹೇಳುತ್ತಾರೆ. ಇಲ್ಲೂ ಅಷ್ಟೇ ಬೇಕಾಗಿರುವುದು.

ಕಾಗದ ಪೆನ್ನು ಇಲ್ಲದೆ ಮಾಡಬೇಕೆಂದರೆ ಒಂದು ಸುಲಭ ದಾರಿ ಇದೆ. 25 ಸೆಂಟ್ಸ್ ಮೆಷಿನ್‌ನಲ್ಲಿ ಮೀಟರ್ 1,000 ದಾಟಿ ಪ್ರತಿ 500 ಡಾಲರ್ ಏರಿದಾಗಲೂ ಶೇ 1 ಸೇರಿಸಿಕೊಳ್ಳಿ. ಒಂದು ಡಾಲರ್ ಮೆಷಿನ್ ಆದರೆ 4,000 ದಾಟಿದ ಮೇಲೆ ಪ್ರತಿ 2,000ಕ್ಕೆ ಶೇ 1. 8/5 ಮೆಷಿನ್, ಮೀಟರ್ 2,000: 97.3ಕ್ಕೆ 2 ಸೇರಿಸಿ, 99.3. ಇನ್ನೂ ಕ್ಯಾಸಿನೊದ್ದೇ ಮೇಲುಗೈ. ಬೇರೆ ಬೇರೆ ಹೆಸರಿನ ಬೋನಸ್ ಪೋಕರ್ ಆಟಗಳಿಗೆ ಮೂಲ ಅಂಕಿ ಬೇರೆ ಇರುತ್ತದೆ, ಆದರೆ ಈ 500ರ ಸೂತ್ರ ಹೆಚ್ಚೂಕಡಿಮೆ ಅಲ್ಲೂ ನಡೆಯುತ್ತದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಇನ್ನೂ ಎರಡು ತೊಡಕು ಇವೆ. ಲೆಕ್ಕ ಗೊತ್ತಿರುವವರೂ ಎಡವುವುದು ಇಲ್ಲೇ.

ಒಂದನೆಯದು ಆಡುವ ರೀತಿ. ಮೇಲೆ ಹೇಳಿದ ಶೇಕಡಾವೆಲ್ಲ ಯಾವ ಎಲೆ ಇಟ್ಟುಕೊಳ್ಳಬೇಕು, ಯಾವುದು ಎಸೆಯಬೇಕು ಎಂದು ಪೂರ್ತಿ ಗೊತ್ತಿರುವವರಿಗೆ. ಮೀಟರ್ ಏರಿದಾಗ ಆ ಪಟ್ಟಿಯೂ ಬದಲಾಗುತ್ತದೆ. ಕೈಯಲ್ಲಿ ರಾಜರ ಜೋಡಿ ಇದೆ, ಜೊತೆಗೆ ಅದರಲ್ಲೊಂದು ರಾಜನ ಜಾತಿಯ ರಾಣಿ, ಗುಲಾಮನೂ ಇದ್ದಾರೆ ಎಂದಿಟ್ಟುಕೊಳ್ಳಿ. ಮಾಮೂಲು ಮೆಷಿನ್‌ನಲ್ಲಿ ಜೋಡಿಯನ್ನೇ ಇಟ್ಟುಕೊಳ್ಳಬೇಕು, ಅದು ಗ್ಯಾರಂಟಿ ದುಡ್ಡು. 2,000 ಡಾಲರ್ ದಾಟಿದ ಮೀಟರ್‌ನಲ್ಲಿ ಜೋಡಿ ಮುರಿದು ರಾಜ, ರಾಣಿ, ಗುಲಾಮರನ್ನು ಇಟ್ಟುಕೊಂಡು ಎರಡೆಲೆ ಎತ್ತಬೇಕು. ರಾಯಲ್ ಸಿಗುವುದು 1,081ರಲ್ಲಿ ಒಂದು ಸಲ. ಕೈಲಿರುವ ದುಡ್ಡು ಬಿಟ್ಟು ಇಲ್ಲದಿರುವುದಕ್ಕೆ ಕೈಚಾಚುವ ಈ ಆಟ ಮನಸ್ಸಿಗೆ ಹಿತವಲ್ಲ. ಪ್ರವಾಸಕ್ಕೆ ಬಂದವರು ಇದನ್ನು ಪ್ರತಿ ಸಲ ತಪ್ಪದೆ ಮಾಡುತ್ತಾರೆ ಅಂತೀರಾ? ನಾನಂತೂ ನಂಬುವುದಿಲ್ಲ. ಸಣ್ಣ ಸಣ್ಣ ತಪ್ಪಿಗೇ ಶೇ 1 ಹೋಗಿಬಿಡುತ್ತದೆ, ಸಿಕ್ಕಿದ್ದ ಲಾಭವೇ ಅಷ್ಟು.

ಎರಡನೆಯದು ಸಮಯ, ನನ್ನ ಪ್ರಕಾರ ಇದೇ ಮುಖ್ಯ. ಜಾಕ್‌ಪಾಟ್ ಏರಿದ್ದರಿಂದ ಬಂದ ಲಾಭ ಪೂರ್ತಿ ಆ ಒಂದು ಕೈಯೊಳಗೆ ಕೂತಿದೆ. ಅದು ಬರುವವರೆಗೆ ನೀವು ಆಡುತ್ತಿರುವುದು ನೂರಕ್ಕೆ ನಾಲ್ಕೋ ಐದೋ ಕಳೆದುಕೊಳ್ಳುವ ಆಟವನ್ನೇ. ಪಳಗಿದವರು ಗಂಟೆಗೆ 600 ಆಟ ಆಡುತ್ತಾರೆ. 40,000 ಆಟಕ್ಕೆ 67 ಗಂಟೆ ಬೇಕು. ಅಷ್ಟು ಹೊತ್ತು ಕೂತವರಲ್ಲೂ ನೂರಕ್ಕೆ 37 ಮಂದಿಗೆ ರಾಯಲ್ ಬಂದಿರುವುದಿಲ್ಲ. ಅದರ ಎರಡರಷ್ಟು ಕೂತರೂ ನೂರಕ್ಕೆ 13ಕ್ಕಿಂತ ಜಾಸ್ತಿ ಜನ ಬರಿಗೈ. ಸರಾಸರಿ ಎಂಬುದು ಅವರವರ ಅದೃಷ್ಟಕ್ಕೆ ಕೊಟ್ಟ ಮಾತಲ್ಲ, ಅಲ್ವಾ? ಊಟ ಮುಗಿಸಿ ಶೋ ಶುರುವಾಗುವ ತನಕ ನಾಲ್ಕು ಗಂಟೆ ಕೂರುವ ನಮ್ಮವರು ಗಂಟೆಗೆ 400ರಂತೆ ಆಡಿದರೂ ಒಟ್ಟು 1,600 ಆಟ. ರಾಯಲ್ ಬರುವ ಸಂಭವ ನೂರಕ್ಕೆ ನಾಲ್ಕು. 8/5 ಮೆಷಿನ್‌ನಲ್ಲಿ ಉಳಿದ 96 ಮಂದಿ ಸರಾಸರಿ 90 ಡಾಲರ್‌ಗೂ ಮೇಲೆ ಬಿಟ್ಟು ಏಳುತ್ತಾರೆ. ಕಾಫಿ, ಕೂಲ್ ಡ್ರಿಂಕ್ಸ್ ಫ್ರೀ ಕೊಡುತ್ತಾರೆ ಅನ್ನುವುದೂ ನಿಜ.

ಇನ್ನು ಅಕ್ಕಪಕ್ಕದವರ ವಿಷಯ. ಮೀಟರ್ ನಿಮ್ಮೊಬ್ಬರದಲ್ಲ. ನೀವು ಮೂರು ಗಂಟೆ ಆಡಿ ಅದನ್ನು ಏರಿಸಿರುತ್ತೀರಿ, ಆಚೆ ಕುರ್ಚಿಗೆ ಆಗ ತಾನೇ ಬಂದು ಕೂತವರಿಗೆ ಜಾಕ್‌ಪಾಟ್ ಬೀಳಬಹುದು. ಬಿದ್ದ ಕ್ಷಣವೇ ನಿಮ್ಮ ಮುಂದಿರುವುದು ಮತ್ತೆ ಮಾಮೂಲು 8/5 ಮೆಷಿನ್, ಆಗ ಎದ್ದುಬಿಡಬೇಕು. ಎಷ್ಟು ಮಂದಿ ಏಳುತ್ತಾರೆ? ಕಳೆದದ್ದನ್ನು ವಾಪಸ್ ತೆಗೆಯುತ್ತೇನೆ ಅಂತ ಕೂತೇ ಇರುತ್ತಾರೆ. ಇನ್ನೊಂದು ಕಡೆ ಈ ಊರಲ್ಲಿ ಇದೇ ಲೆಕ್ಕವನ್ನು ಕಸುಬು ಮಾಡಿಕೊಂಡವರಿದ್ದಾರೆ. ಗುಂಪು ಕಟ್ಟಿಕೊಂಡು, ಬಂಡವಾಳ ಹಾಕಿಕೊಂಡು, ಪಾಳಿ ಮೇಲೆ ಕೂತು ಮೀಟರ್ ಬೀಳುವವರೆಗೆ ಕುರ್ಚಿ ಬಿಡದೆ ಆಡುವ ಪದ್ಧತಿ ಹಳೆಯದು. ಮೀಟರ್ ನಿಜವಾಗಿ ಲಾಭದ ಮಟ್ಟಕ್ಕೆ ಹೋದರೆ ಮೊದಲು ಗೊತ್ತಾಗುವುದು ಅವರಿಗೆ. ಶನಿವಾರ ರಾತ್ರಿ ಸ್ಟ್ರಿಪ್ ರಸ್ತೆಯ ಕ್ಯಾಸಿನೊದಲ್ಲಿ ದೊಡ್ಡ ಮೀಟರ್ ಕೆಳಗೆ ಕುರ್ಚಿಗಳು ಖಾಲಿ ಹೊಡೆಯುತ್ತಿದ್ದರೆ ಪೇ ಟೇಬಲ್ ಓದುವ ಮೊದಲೇ ನನಗೆ ಅನುಮಾನ ಬರುತ್ತದೆ.

ಈಗ ನಮ್ಮವರಿಗೆ ಬಹಳ ಮುಖ್ಯವಾದ ವಿಷಯ, ತೆರಿಗೆ. ನಿಮ್ಮ ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ. ಭಾರತದಿಂದ ಪ್ರವಾಸಕ್ಕೆ ಬಂದವರು, ತೆರಿಗೆ ಲೆಕ್ಕದಲ್ಲಿ ಇನ್ನೂ ಅಮೆರಿಕದ ನಿವಾಸಿ ಎನಿಸಿಕೊಳ್ಳದ ವಿದ್ಯಾರ್ಥಿಗಳು, ಇವರಿಗೆಲ್ಲ ಮೆಷಿನ್ ಜಾಕ್‌ಪಾಟ್ ಬಿದ್ದರೆ ಶೇ 30 ಅಲ್ಲೇ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಬ್ಲ್ಯಾಕ್‌ಜಾಕ್, ರೂಲೆಟ್ ಥರದ ಮೇಜಿನ ಆಟಗಳಿಗೆ ಈ ಕಡಿತ ಇಲ್ಲ, ಮೆಷಿನ್‌ಗೆ ಇದೆ. ಕಳೆದುಕೊಂಡದ್ದನ್ನು ತೋರಿಸಿ ಕಡಿಮೆ ಮಾಡಿಸಿಕೊಳ್ಳುವ ದಾರಿಯೂ ಇವರಿಗಿಲ್ಲ. ಹಾಗಾಗಿ 2,500 ಎಂದು ಬರೆದಿರುವ ಮೀಟರ್ ಇವರ ಪಾಲಿಗೆ 1,750. ಮೇಲಿನ ಸೂತ್ರ ಹಾಕಿ: 97.3ಕ್ಕೆ 1.5 ಸೇರಿಸಿದರೆ 98.8. ಇಲ್ಲಿನವರಿಗೆ ಲಾಭದ್ದಾಗಿದ್ದ ಮೆಷಿನ್ ನಮ್ಮ ಬೆಳಗಾವಿಯ ಅಪ್ಪನಿಗೆ, ತುಮಕೂರಿನ ಹುಡುಗನಿಗೆ ನಷ್ಟದ್ದು. ಭಾರತದಲ್ಲಿ ರಿಟರ್ನ್ ಹಾಕುವಾಗ ತೋರಿಸಬೇಕಾದ್ದು ಬೇರೆ.

ಇಲ್ಲಿ ತೆರಿಗೆ ನಿವಾಸಿಗಳಾದ ಎಚ್-1ಬಿ, ಗ್ರೀನ್ ಕಾರ್ಡ್‌ನವರಿಗೂ ಸುಖ ಇಲ್ಲ. ದೊಡ್ಡ ಗೆಲುವಿಗೆ ಕ್ಯಾಸಿನೊದವರು ಡಬ್ಲ್ಯೂ-2ಜಿ ಚೀಟಿ ಬರೆದು ಸರ್ಕಾರಕ್ಕೂ ಕಳಿಸುತ್ತಾರೆ. ಗೆದ್ದದ್ದೆಲ್ಲ ಆದಾಯ. ಸೋತದ್ದನ್ನು ಕಳೆಯಬೇಕೆಂದರೆ ಖರ್ಚುಗಳನ್ನು ಬಿಡಿ ಬಿಡಿಯಾಗಿ ತೋರಿಸಿ ರಿಟರ್ನ್ ಹಾಕಬೇಕು, ಹೆಚ್ಚಿನವರು ಹಾಗೆ ಹಾಕುವುದೇ ಇಲ್ಲ. 2025ರಲ್ಲಿ ಬಂದ ಹೊಸ ಕಾನೂನಿನಿಂದಾಗಿ 2026ರಿಂದ ಸೋತದ್ದರಲ್ಲಿ ಶೇ 90 ಮಾತ್ರ ಕಳೆಯಬಹುದು. ವರ್ಷದಲ್ಲಿ 10,000 ಗೆದ್ದು 10,000 ಸೋತವರು, ಒಂದು ಡಾಲರ್ ಕೂಡ ಸಂಪಾದಿಸದವರು, 1,000 ಡಾಲರ್ ಸಂಪಾದಿಸಿದಂತೆ ತೆರಿಗೆ ಕಟ್ಟಬೇಕು. ಕೂದಲೆಳೆಯ ಲಾಭಕ್ಕೆ ವಾರಗಟ್ಟಲೆ ಕೂರುವ ಕಸುಬಿನವರೇ ಇದಕ್ಕೆ ತಲೆ ಮೇಲೆ ಕೈ ಹೊತ್ತಿದ್ದಾರೆ.

ನಾನು ಆಡಲೇಬೇಡಿ ಎಂದು ಹೇಳುವ ಪೈಕಿ ಅಲ್ಲ. ಇಪ್ಪತ್ತು ಡಾಲರ್ ಮಜಾಕ್ಕೆ ಎಂದು ಎತ್ತಿಟ್ಟು ಆಡಿದರೆ ಯಾರದೇನು ತಕರಾರು, ಸಿನಿಮಾ ಟಿಕೆಟ್‌ಗೂ ಅಷ್ಟು ಹೋಗುತ್ತದೆ. ಲಾಭ ಇದೆ ಎಂಬ ಲೆಕ್ಕ ತೋರಿಸಿ ಕೂರಿಸುವುದಕ್ಕೆ ನನ್ನ ತಕರಾರು, ಅದರಲ್ಲೂ ಆ ಲೆಕ್ಕವೇ ಸುಳ್ಳಿರುವಾಗ. ದಯವಿಟ್ಟು ಒಂದು ತಿದ್ದುಪಡಿ ಹಾಕಿ. ಜೊತೆಗೆ 9/6 ಮತ್ತು 8/5 ಪೇ ಟೇಬಲ್‌ಗಳನ್ನು ಅಕ್ಕಪಕ್ಕ ಒಂದು ಸಣ್ಣ ಚೌಕದಲ್ಲಿ ಅಚ್ಚು ಹಾಕಿದರೆ ಓದುಗರಿಗೆ ಸಾವಿರ ಮಾತಿಗಿಂತ ಬೇಗ ತಿಳಿಯುತ್ತದೆ.

ಕೊನೆಗೆ ಇನ್ನೊಂದು. ಇದೇ ಸರಣಿಯಲ್ಲಿ ಮುಂದೆ ಗೋವಾ ಬರಲಿದೆ ಎಂದು ಪುಟದ ಕೆಳಗೆ ನೋಡಿದೆ. ಹುಬ್ಬಳ್ಳಿ, ಬೆಳಗಾವಿ, ಕಾರವಾರದವರಿಗೆ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳು ವೇಗಸ್‌ಗಿಂತ ಎಷ್ಟೋ ಹತ್ತಿರ, ಹಾಗಾಗಿ ಅಲ್ಲಿ ಈ ಥರದ ಸಲಹೆ ಬಂದರೆ ಹಾನಿಯೂ ಜಾಸ್ತಿ. ನಮ್ಮಲ್ಲಿ ಕ್ಯಾಸಿನೊ ಜಿಎಸ್‌ಟಿಯನ್ನು 2023ರ ಅಕ್ಟೋಬರ್‌ನಿಂದ ಚಿಪ್ (ಹಣದ ಬದಲು ಆಟಕ್ಕೆ ಹಾಕುವ ಬಿಲ್ಲೆ) ಕೊಳ್ಳಲು ಕೊಡುವ ಪೂರ್ತಿ ಹಣದ ಮೇಲೆ ಹಾಕುತ್ತಿದ್ದಾರೆ. ಆಗ ಶೇ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಶೇ ಅರ್ಧಕ್ಕೋ ಒಂದಕ್ಕೋ ಗುದ್ದಾಡುವ ಆಟದಲ್ಲಿ ಇದು ಎಂಥ ಭಾರ ಎಂದು ನೀವೇ ನೋಡಿ. ಮೊಬೈಲ್ ಆ್ಯಪ್‌ಗಳ ಬಗ್ಗೆ ಬರೆಯುವ ಪ್ರಶ್ನೆಯೇ ಇಲ್ಲ, ದುಡ್ಡು ಹಾಕುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನ ಕೇಂದ್ರ ಕಾನೂನು ನಿಷೇಧಿಸಿದೆ. ಹೊರದೇಶದಿಂದ ಕದ್ದು ನಡೆಸುವ ಸೈಟ್‌ಗಳಲ್ಲಿ ಪರದೆಯ ಮೇಲಿನ ಕಟ್ಟು ನಿಜವಾದ 52 ಎಲೆಯದ್ದೇ ಎಂದು ಪರೀಕ್ಷಿಸುವವರು ಯಾರು?

ಗೋವಾ ಲೇಖನ ಬರೆಯುವವರಿಗೆ ನನ್ನದೊಂದು ಕೋರಿಕೆ. ಕೌಂಟರ್‌ನಲ್ಲಿ 1,000 ರೂಪಾಯಿ ಕೊಟ್ಟರೆ ಕೈಗೆ ಎಷ್ಟು ರೂಪಾಯಿಯ ಚಿಪ್ ಕೊಡುತ್ತಾರೆ, ತೆರಿಗೆ ಯಾರ ತಲೆಗೆ ಎಂದು ಕೇಳಿಕೊಂಡು, ಆ ಅಂಕಿಯನ್ನು ಲೇಖನದಲ್ಲಿ ಬರೆಯಲಿ.

ಇಂತಿ,
ನಿಮ್ಮ ಓದುಗ
ಹೆಂಡರ್ಸನ್, ನೆವಾಡಾ